ಹೆಸರಿನ ಕಾಲಂ ಅಳಿಸಿದ ಮೇಲೂ ಆಳು ಸಿಕ್ಕಿಬಿಡುತ್ತಾನೆ: ಸಮೀಕ್ಷೆಯ ಟೇಬಲ್ ಹೊರಗೆ ಬಿಡುವುದು ಹೇಗೆ?

ತಾಲೂಕು_ಟೇಬಲ್

ಮಾತಿಗೆ ಒಂದು ಟೇಬಲ್ ಇಟ್ಟುಕೊಳ್ಳೋಣ. ಒಂದು ತಾಲೂಕಿನ 14 ಹಳ್ಳಿ, 1,204 ಜನ, ಮನೆಮನೆ ಆರೋಗ್ಯ ಸಮೀಕ್ಷೆ. ಕಾಲಂಗಳು ಹೀಗಿವೆ: ಹೆಸರು, ಫೋನ್, ಹಳ್ಳಿ, ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ, ಜಾತಿ, ಕಸುಬು, ತಿಂಗಳ ವರಮಾನ, ಸಕ್ಕರೆ ಕಾಯಿಲೆ, ಬಿಪಿ, ಕ್ಷಯ, ಕೊನೆಗೆ "ಇತರೆ ವಿವರ". ಬೇರೆ ಸಂಶೋಧಕರಿಗೂ ಉಪಯೋಗವಾಗಲಿ ಅಂತ ಇದನ್ನು ಸಾರ್ವಜನಿಕವಾಗಿ ಇಡಬೇಕು. ಎಲ್ಲರೂ ಕೊಡುವ ಸಲಹೆ ಒಂದೇ: ಹೆಸರು ಅಳಿಸಿ, ಫೋನಿನ ಜಾಗದಲ್ಲಿ ಅದರ ಹ್ಯಾಶ್ (ಸೂತ್ರ ಹಚ್ಚಿ ತೆಗೆದ, ಹಿಂದಕ್ಕೆ ತಿರುಗಿಸಲಾಗದ ಅಕ್ಷರಗಳ ಸರಣಿ) ಹಾಕಿ, ಆಯ್ತು. ಲಟಾನ್ಯಾ ಸ್ವೀನಿ ಅವರ ಸಂಶೋಧನೆ ಓದಿದವರು ಮಾತ್ರ ಇದು ಏನೇನೂ ಸಾಲದು ಅನ್ನುತ್ತಾರೆ. ಎಷ್ಟು ಸಾಲದು? ಏನು ಮಾಡಿದರೆ ಸಾಕು? ಎಕ್ಸೆಲ್ ಬಿಟ್ಟು ಬೇರೆ ಬಾರದವರು ಎಲ್ಲಿವರೆಗೆ ಹೋಗಬಹುದು? ತಿಳಿದವರು ಲೆಕ್ಕ ಹಾಕಿ ಬರೆಯಿರಿ, ಸಿದ್ಧಾಂತ ಉಪ್ಪಿನಕಾಯಿಯಷ್ಟಿರಲಿ.

ಎಣಿಕೆಗಾರ

ಸ್ವೀನಿ ಮಾಡಿದ್ದರಿಂದಲೇ ಶುರು ಮಾಡೋಣ. ಅದರಲ್ಲಿ ಗಣಿತಕ್ಕಿಂತ ಹೊಂದಿಸಿ ನೋಡುವ ಕೆಲಸವೇ ಜಾಸ್ತಿ.

1990ರ ದಶಕದ ನಡುವೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಿಮಾ ಆಯೋಗ ಸುಮಾರು 1,35,000 ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತು. ಹೆಸರು, ವಿಳಾಸ ತೆಗೆದಿದ್ದರು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಜಿಪ್ ಕೋಡ್ ಮೂರನ್ನು ಹಾಗೇ ಬಿಟ್ಟಿದ್ದರು. ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ತಂದರು. ಅದರಲ್ಲಿ ಹೆಸರೂ ಇತ್ತು, ಈ ಮೂರು ಕಾಲಂಗಳೂ ಇದ್ದವು. ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ಜನ್ಮದಿನಾಂಕ ಇದ್ದವರು ಆ ಪಟ್ಟಿಯಲ್ಲಿ ಆರು ಜನ. ಗಂಡಸರು ಮೂವರು. ಆ ಜಿಪ್ ಕೋಡಿನಲ್ಲಿ ಒಬ್ಬರೇ. ಗವರ್ನರರ ಆಸ್ಪತ್ರೆ ದಾಖಲೆ ಕೈಗೆ ಬಂತು.

ಆಮೇಲೆ 1990ರ ಜನಗಣತಿ ಇಟ್ಟುಕೊಂಡು ಇದೇ ಮೂರು ಕಾಲಂ ಸೇರಿದರೆ ಅಮೆರಿಕದ ಶೇ. 87 ಜನ ಒಂಟಿಯಾಗುತ್ತಾರೆ ಎಂದು ಅವರು ಅಂದಾಜು ಮಾಡಿದರು. 2006ರಲ್ಲಿ ಫಿಲಿಪ್ ಗೋಲ್ 2000ದ ಜನಗಣತಿಯ ಮೇಲೆ ಮತ್ತೆ ಲೆಕ್ಕ ಹಾಕಿದಾಗ ಶೇ. 63 ಬಂತು. ಈ ವಿಷಯ ಬರೆಯುವವರು 87 ಅಂತ ಬರೆದು 63 ಅನ್ನುವುದನ್ನು ನುಂಗಿಬಿಡುತ್ತಾರೆ. ಎರಡೂ ಗೊತ್ತಿರಲಿ. 63 ಕೂಡ ಸಣ್ಣದಲ್ಲ.

ಇಲ್ಲಿ ಹಿಡಿಯಬೇಕಾದ್ದು ಇಷ್ಟು: ಹುಟ್ಟಿದ ದಿನಾಂಕ ಯಾರ "ಗುರುತೂ" ಅಲ್ಲ, ಲಿಂಗವಂತೂ ಅಲ್ಲವೇ ಅಲ್ಲ. ಮೂರೂ ಒಂದೇ ಸಾಲಿನಲ್ಲಿ ಕೂತಾಗ ಗುರುತಾಗುತ್ತದೆ. ಇಂಥ ಕಾಲಂಗಳನ್ನು ಅರೆಗುರುತು ಅನ್ನೋಣ.

ಗದಗ್_ಗಣಿತ

ನಿಮ್ಮ ಟೇಬಲ್ಲಿಗೇ ಹಚ್ಚಿ ನೋಡೋಣ್ರಿ. ಹುಟ್ಟಿದ ದಿನಾಂಕ ತಗದು ಬರೀ ವಯಸ್ಸು ಇಟ್ರಿ ಅಂತ ತಿಳೀರಿ. 14 ಹಳ್ಳಿ × 80 ವಯಸ್ಸು × 2 ಲಿಂಗ ಅಂದ್ರ 2,240 ಖಾನೆ. ಜನ ಎಷ್ಟು? 1,204. ಖಾನೆಗೆ ಸರಾಸರಿ ಅರ್ಧ ಮನಷ್ಯಾ! ಸಮನಾಗಿ ಹರಡಿದ್ರೂ ಸುಮಾರು ಶೇ. 58 ಮಂದಿ ತಮ್ಮ ಖಾನೆದಾಗ ಒಬ್ಬೊಬ್ಬರೇ ಕೂತಿರ್ತಾರ.

ವಯಸ್ಸನ್ನ ಹತ್ತು ಹತ್ತು ವರ್ಷದ ಪಟ್ಟಿ ಮಾಡಿದ್ರ 14 × 8 × 2 = 224 ಖಾನೆ, ಸರಾಸರಿ 5.4 ಮಂದಿ. ಒಂಟಿ ಆಗೋರು ಶೇ. ಒಂದಕ್ಕಿಂತ ಕಡಿಮಿ. ಆದ್ರ ಅದು ಸಮ ಹರಡಿಕಿ ಲೆಕ್ಕ. ಖರೇ ಟೇಬಲ್ಲಿನಾಗ 80 ದಾಟಿದವ್ರು ಒಂದೊಂದು ಹಳ್ಳ್ಯಾಗ ಇಬ್ಬರೋ ಮೂವರೋ ಇರ್ತಾರ, ಅವರೆಲ್ಲ ಸಿಕ್ಕಿಬೀಳ್ತಾರ. ಹಳ್ಳಿಗಳನ್ನ ಮೂರು ಗುಂಪು ಮಾಡ್ರಿ: 48 ಖಾನೆ, ಸರಾಸರಿ 25. ಈಗ ಉಸಿರಾಡಬಹುದು. ಅದರ ಮ್ಯಾಲ ಹತ್ತು ಬಗೆಯ ಜಾತಿ ಕಾಲಂ ಹೇರಿದ್ರ 480 ಖಾನೆ, ಮತ್ತ ಸರಾಸರಿ 2.5ಕ್ಕ ಇಳೀತು. ಒಂದೊಂದು ಕಾಲಂ ಸೇರಿಸಿದಾಗೂ ಗುಣಿಸ್ತದ, ಕೂಡೋದಿಲ್ಲ. ಇದು ತಲ್ಯಾಗ ಕೂತ್ರ ಅರ್ಧ ಕೆಲಸ ಮುಗೀತು.

ಎಕ್ಸೆಲ್‌ದಾಗ ನೋಡೋ ರೀತಿ: ಕೊನೀಗೆ ಒಂದು ಖಾಲಿ ಕಾಲಂ ತಗೊಂಡು ಕೌಂಟ್‌ಇಫ್ಸ್ ಹಾಕ್ರಿ. ಹಳ್ಳಿಗುಂಪು ಈ ಸಾಲಿನದೇ, ವಯಸ್ಸಿನಪಟ್ಟಿ ಈ ಸಾಲಿನದೇ, ಲಿಂಗ ಈ ಸಾಲಿನದೇ, ಅಂಥವು ಎಷ್ಟು ಸಾಲು ಅಂತ ಎಣಿಸಲಿ. ಸಣ್ಣದರಿಂದ ದೊಡ್ಡದಕ್ಕ ಸಾರ್ಟ್ ಮಾಡ್ರಿ. ಮ್ಯಾಲೆ 1 ಬಂದವರು ಒಂಟಿ, 2 ಬಂದವರು ಜೋಡಿ. ಅಲ್ಲಿ ಬಂದ ಅತಿ ಸಣ್ಣ ಸಂಖ್ಯೆನೇ ನಿಮ್ಮ ಟೇಬಲ್ಲಿನ "ಕೆ". ಒಂದು ಎಚ್ಚರಿಕಿ: ಕಾಲಂನಾಗ ಒಂದು ಕಡೆ "ಹೆಣ್ಣು", ಇನ್ನೊಂದು ಕಡೆ "ಹೆಣ್ಣು" ಮುಂದ ಒಂದು ಸ್ಪೇಸು ಇದ್ರ ಎಕ್ಸೆಲ್ ಅವನ್ನ ಬ್ಯಾರೆ ಅಂತ ತಿಳೀತದ. ಮೊದಲು ಟ್ರಿಮ್ ಹಾಕಿ ಸ್ವಚ್ಛ ಮಾಡ್ರಿ, ಇಲ್ಲಾಂದ್ರ ಲೆಕ್ಕ ಸುಳ್ಳು ಹೇಳ್ತದ.

ಕಡಲತಡಿ

ಹ್ಯಾಶ್ ವಿಷಯ ಯಾರೂ ಹೇಳಲಿಲ್ಲ. ಫೋನ್ ನಂಬರಿಗೆ ಹ್ಯಾಶ್ ಹಾಕಿದರೆ ಬಚಾವ್ ಅಂತ ಎಣಿಸಬೇಡಿ ಮಾರಾಯ್ರೆ. ಹ್ಯಾಶನ್ನು ತಿರುಗಿಸಲಿಕ್ಕೆ ಆಗುವುದಿಲ್ಲ ಎನ್ನುವುದು ಸತ್ಯ. ತಿರುಗಿಸುವ ಅಗತ್ಯವೇ ಇಲ್ಲ ಎನ್ನುವುದೂ ಸತ್ಯ. ನಮ್ಮ ಮೊಬೈಲ್ ನಂಬರ್ ಹತ್ತಂಕಿ, ಮೊದಲಂಕಿ 6ರಿಂದ 9. ಒಟ್ಟು ಸಾಧ್ಯತೆ 400 ಕೋಟಿ. ಆಟ ಆಡುವ ಹುಡುಗರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಹ್ಯಾಶ್ ಹಾಕುತ್ತದೆ. ಎಲ್ಲ ನಂಬರಿಗೂ ಹಾಕಿ ಹೊಂದಿಸಿ ನೋಡಲಿಕ್ಕೆ ಚಹಾ ಕುಡಿದು ಮುಗಿಸುವಷ್ಟು ಹೊತ್ತೂ ಬೇಡ. ಆಧಾರ್ 12 ಅಂಕಿಯಾದರೂ ಮೊದಲಂಕಿ 0, 1 ಇರುವುದಿಲ್ಲ, ಕೊನೆಯದು ತಾಳೆ ಅಂಕಿ. ಹಾಗಾಗಿ 8,000 ಕೋಟಿ ಸಾಧ್ಯತೆ. ಅದೂ ಅಷ್ಟೇ ಸುಲಭ.

2014ರಲ್ಲಿ ನ್ಯೂಯಾರ್ಕ್ ಟ್ಯಾಕ್ಸಿಗಳ 17.3 ಕೋಟಿ ಪ್ರಯಾಣದ ದಾಖಲೆ ಹೊರಗೆ ಬಂದಾಗ ಹೀಗೇ ಆಯಿತು. ಟ್ಯಾಕ್ಸಿಯ ಪರವಾನಗಿ ಸಂಖ್ಯೆಗೆ ಎಂಡಿ5 ಹ್ಯಾಶ್ ಹಾಕಿ ಕೊಟ್ಟಿದ್ದರು. ಆ ಸಂಖ್ಯೆಗಳಿಗೆ ಗೊತ್ತಿರುವ ಮಾದರಿ ಇತ್ತು, ಎಲ್ಲ ಸಾಧ್ಯತೆಗಳಿಗೂ ಹ್ಯಾಶ್ ಹಾಕಿ ಇಡೀ ಪಟ್ಟಿಯನ್ನು ಬಿಚ್ಚಿಟ್ಟರು.

ಎರಡು ಟೇಬಲ್ಲುಗಳನ್ನು ಜೋಡಿಸಲಿಕ್ಕೆ ಒಂದು ಸಂಕೇತ ಬೇಕೇ ಬೇಕು ಅಂತಾದರೆ ಪ್ರತಿ ಸಾಲಿಗೆ ಯಾದೃಚ್ಛಿಕ ಸಂಖ್ಯೆ ಕೊಡಿ. ಫೋನಿಗೂ ಅದಕ್ಕೂ ಸಂಬಂಧ ಇರುವ ಕೀಲಿಪಟ್ಟಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಡಿ. ಹಲವು ಕಡೆಯಿಂದ ಬರುವ ಡೇಟಾ ಆದರೆ ಗುಟ್ಟಿನ ಕೀ ಹಾಕಿದ ಎಚ್‌ಮ್ಯಾಕ್ ಬಳಸಿ, ಜೋಡಣೆ ಮುಗಿದ ದಿನ ಆ ಕೀ ನಾಶ ಮಾಡಿ. ನಿಮ್ಮ ಟೇಬಲ್ಲಿಗಂತೂ ಫೋನ್ ಕಾಲಂ ಯಾವ ರೂಪದಲ್ಲೂ ಬೇಡ. ಅಳಿಸಿ.

ಅಡ್ಡಸಾಲು

ಅಮೆರಿಕದ ಶೇಕಡಾವಾರು ಇಲ್ಲಿಗೆ ನೇರವಾಗಿ ಕೂರುವುದಿಲ್ಲ, ಎರಡೂ ದಿಕ್ಕಿಗೆ.

ನಮ್ಮಲ್ಲಿ 50 ದಾಟಿದ ಎಷ್ಟೋ ಜನರ ದಾಖಲೆಯ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು. ಹಾಗಾಗಿ ಹಳ್ಳಿಯ ಹಿರಿಯರಲ್ಲಿ ಹುಟ್ಟಿದ ದಿನಾಂಕ ಅಷ್ಟು ಚೆನ್ನಾಗಿ ಒಬ್ಬರನ್ನೊಬ್ಬರಿಂದ ಬಿಡಿಸುವುದಿಲ್ಲ. ಆದರೆ ಅದೇ ಹಳ್ಳಿಯಲ್ಲಿ ಅದೇ ವಯಸ್ಸಿನ ಒಬ್ಬರಿಗೆ ಅಕ್ಟೋಬರ್ 17 ಅಂತ ನಿಜವಾದ ತಾರೀಖು ಇದ್ದರೆ, ಅವರು ಅಮೆರಿಕದವರಿಗಿಂತಲೂ ಎದ್ದು ಕಾಣುತ್ತಾರೆ. ಸರಾಸರಿ ನೋಡಿ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ.

ಇನ್ನೊಂದು ದಿಕ್ಕು ಕಸುಬು ಮತ್ತು ಜಾತಿ. ಹಳ್ಳಿಯಲ್ಲಿ ಕ್ಷೌರದ ಮನೆ ಒಂದೇ, ಕುಂಬಾರರ ಮನೆ ಒಂದೋ ಎರಡೋ, ಅಂಚೆಯವರು ಒಬ್ಬರೇ, ಅಂಗನವಾಡಿ ಕಾರ್ಯಕರ್ತೆ ಒಬ್ಬರೇ. ವಯಸ್ಸೂ ಬೇಡ, ಲಿಂಗವೂ ಬೇಡ. ಹಳ್ಳಿ ಮತ್ತು ಕಸುಬು ಎರಡೇ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ಕೂತವರು ಹೆಸರು ಹೇಳುತ್ತಾರೆ. ಇವೆರಡನ್ನೂ ಅರೆಗುರುತು ಅಂತಲೇ ಎಣಿಸಿ.

ಹೊರಗೆ ಸಿಗುವ ಪಟ್ಟಿಗಳನ್ನೂ ನೋಡಿಕೊಳ್ಳಿ. ನಮ್ಮ ಮತದಾರರ ಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಇಲ್ಲ, ಆದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಲಿಂಗ ಇದೆ, ಅದೂ ಬೂತ್ ಮಟ್ಟದಲ್ಲಿ. ಅಂದಮೇಲೆ ನಿಮ್ಮ ಟೇಬಲ್ಲಿನಲ್ಲಿ ಹಳ್ಳಿ, ವಯಸ್ಸು, ಲಿಂಗ ಉಳಿದರೆ ಸ್ವೀನಿ ಮಾಡಿದ ಜೋಡಣೆಯನ್ನು ಯಾರು ಬೇಕಾದರೂ ಮಾಡಬಹುದು, 20 ಡಾಲರ್ ಕೂಡ ಬೇಡ.

ಎಣಿಕೆಗಾರ

ಈಗ ಸಾಲುಗಳನ್ನೇ ಬಿಡುವುದಾದರೆ ಮಾಡಬೇಕಾದ್ದು. ಸಮರಾಟಿ ಮತ್ತು ಸ್ವೀನಿ 1998ರಲ್ಲಿ ಕೊಟ್ಟ ಕೆ-ಅನಾಮಿಕತೆಯ ನಿಯಮ ಸರಳ: ಅರೆಗುರುತುಗಳ ಪ್ರತಿ ಜೋಡಣೆಯಲ್ಲೂ ಕನಿಷ್ಠ "ಕೆ" ಜನ ಇರಬೇಕು. ಅದಕ್ಕೆ ಎರಡೇ ಆಯುಧ: ಒಂದು, ಅಗಲ ಮಾಡುವುದು (ವಯಸ್ಸು 43 ಇದ್ದದ್ದು 40–49 ಆಗುತ್ತದೆ, ಪಿನ್ 583231 ಇದ್ದದ್ದು 583 ಆಗುತ್ತದೆ). ಎರಡು, ಮುಚ್ಚುವುದು (ಆ ಸಾಲನ್ನೋ ಆ ಖಾನೆಯನ್ನೋ ಖಾಲಿ ಬಿಡುವುದು).

ಮೊದಲು ಅಗಲ ಮಾಡಿ, ಕೊನೆಗೆ ಉಳಿದ ಬೆರಳೆಣಿಕೆಯ ಸಾಲುಗಳನ್ನು ಮುಚ್ಚಿ. ಒಬ್ಬ 94ರ ಅಜ್ಜಿಗೋಸ್ಕರ ಎಲ್ಲರ ವಯಸ್ಸನ್ನೂ 20 ವರ್ಷದ ಪಟ್ಟಿ ಮಾಡಿದರೆ ಟೇಬಲ್ ಸತ್ತುಹೋಗುತ್ತದೆ. ಮೇಲ್ತುದಿಯನ್ನು "70 ಮತ್ತು ಮೇಲೆ" ಅಂತ ಕಟ್ಟಿಬಿಡಿ. ಅಮೆರಿಕದ ಹಿಪಾ (ಆರೋಗ್ಯ ಮಾಹಿತಿಯ ಗೌಪ್ಯತೆ) ನಿಯಮದ ಸೇಫ್ ಹಾರ್ಬರ್ ಪಟ್ಟಿಯೂ ಇದನ್ನೇ ಮಾಡುತ್ತದೆ: 89 ದಾಟಿದವರೆಲ್ಲ ಒಂದೇ ಗುಂಪು, ದಿನಾಂಕಗಳಲ್ಲಿ ವರ್ಷ ಮಾತ್ರ, ಜಿಪ್‌ನ ಮೊದಲ ಮೂರಂಕಿ ಮಾತ್ರ, ಅದೂ ಆ ಮೂರಂಕಿಯ ಪ್ರದೇಶದಲ್ಲಿ 20,000ಕ್ಕಿಂತ ಹೆಚ್ಚು ಜನ ಇದ್ದರೆ.

ಆದರೆ ಇಲ್ಲೊಂದು ಹಳ್ಳ ಇದೆ. ಈ ಐದು ಸಾಲು ನೋಡಿ:

ಪೂರ್ವ ಗುಂಪು, 40–49, ಗಂಡು, ಕ್ಷಯ: ಹೌದು
ಪೂರ್ವ ಗುಂಪು, 40–49, ಗಂಡು, ಕ್ಷಯ: ಹೌದು
ಪೂರ್ವ ಗುಂಪು, 40–49, ಗಂಡು, ಕ್ಷಯ: ಹೌದು
ಪೂರ್ವ ಗುಂಪು, 40–49, ಗಂಡು, ಕ್ಷಯ: ಹೌದು
ಪೂರ್ವ ಗುಂಪು, 40–49, ಗಂಡು, ಕ್ಷಯ: ಹೌದು

ಕೆ = 5. ನಿಯಮ ಪಾಸು. ಯಾವ ಸಾಲು ಯಾರದ್ದು ಅಂತ ಗೊತ್ತಾಗುವುದಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಪಕ್ಕದ ಮನೆಯವನಿಗೆ 45, ಸಮೀಕ್ಷೆಯಲ್ಲಿ ಇದ್ದ ಅಂತ ತಿಳಿದರೆ ಅವನಿಗೆ ಕ್ಷಯ ಅನ್ನುವುದು ಖಾತ್ರಿ. 2006ರಲ್ಲಿ ಮಚ್ಚನವಜ್ಝಲ ಮತ್ತು ಜೊತೆಗಾರರು ಇದಕ್ಕೆಂದೇ ಎಲ್-ವೈವಿಧ್ಯ ತಂದರು: ಪ್ರತಿ ಗುಂಪಿನಲ್ಲೂ ಸೂಕ್ಷ್ಮ ಉತ್ತರಗಳು ಕನಿಷ್ಠ "ಎಲ್" ಬಗೆ ಇರಬೇಕು. ಮುಂದಿನ ವರ್ಷ ಟಿ-ಸಾಮೀಪ್ಯ ಬಂತು: ಗುಂಪಿನೊಳಗೆ ಆ ಉತ್ತರಗಳ ಹಂಚಿಕೆ ಇಡೀ ಟೇಬಲ್ಲಿನ ಹಂಚಿಕೆಗೆ ಹತ್ತಿರ ಇರಬೇಕು. ಎಕ್ಸೆಲ್‌ನಲ್ಲಿ ಇಷ್ಟೆಲ್ಲ ಕೈಯಲ್ಲಿ ಮಾಡಬೇಡಿ. ಎಆರ್‌ಎಕ್ಸ್ ಎನ್ನುವ ಉಚಿತ ತಂತ್ರಾಂಶ ಇದೆ, ಸಿಎಸ್‌ವಿ ಕೊಟ್ಟು, ಯಾವ ಕಾಲಂ ಗುರುತು, ಯಾವುದು ಅರೆಗುರುತು, ಯಾವುದು ಸೂಕ್ಷ್ಮ ಅಂತ ಹೇಳಿದರೆ ಅಗಲ ಮಾಡುವ ದಾರಿಗಳನ್ನು ಅದೇ ಹುಡುಕುತ್ತದೆ. ಆರ್ ಭಾಷೆ ಬಲ್ಲವರಿಗೆ ಎಸ್‌ಡಿಸಿ ಮೈಕ್ರೋ ಇದೆ.

"ಇತರೆ ವಿವರ" ಕಾಲಂ ಬಗ್ಗೆ ಚರ್ಚೆಯೇ ಬೇಡ. "ಗಂಡ ಸೌದಿಯಲ್ಲಿ, ಮಗಳು ನರ್ಸ್" ಅಂತ ಒಂದು ಸಾಲು ಇದ್ದರೆ ಮೇಲಿನ ಕೆಲಸವೆಲ್ಲ ನೀರಲ್ಲಿ ಹೋಮ. ಪೂರ್ತಿ ತೆಗೆಯಿರಿ.

ತಾಲೂಕು_ಟೇಬಲ್

ಒಂದು ತಕರಾರು. ಕೇಂಬ್ರಿಜ್‌ನ ಮತದಾರರ ಪಟ್ಟಿಯಲ್ಲಿ ಊರಿನ ಎಲ್ಲರೂ ಇರಲಿಲ್ಲವಲ್ಲ? ಪಟ್ಟಿಯಲ್ಲಿ ಒಬ್ಬರೇ ಇದ್ದಾರೆ ಅಂದರೆ ಊರಿನಲ್ಲಿ ಒಬ್ಬರೇ ಅಂತ ಆಗುತ್ತದೆಯೇ? ನಮ್ಮದೂ ಹಾಗೆಯೇ. ಟೇಬಲ್ಲಿನಲ್ಲಿ ಒಂಟಿಯಾದವರಿಗೆ ಹಳ್ಳಿಯಲ್ಲಿ ಸಮಾನರು ಇನ್ನೂ ಹತ್ತು ಜನ ಇರಬಹುದು.

ಎಣಿಕೆಗಾರ

ಸರಿಯಾದ ತಕರಾರು. 2012ರಲ್ಲಿ ಡೇನಿಯಲ್ ಬಾರ್ತ್-ಜೋನ್ಸ್ ಇದನ್ನೇ ಬರೆದರು: ಪಟ್ಟಿಯಲ್ಲಿ ಸುಮಾರು 54,000 ಮತದಾರರು, ಊರಿನ ಜನ ಒಂದು ಲಕ್ಷದ ಹತ್ತಿರ. ಪಟ್ಟಿಯ ಹೊರಗೆ ಅದೇ ದಿನಾಂಕದ ಇನ್ನೊಬ್ಬ ಗಂಡಸು ಇದ್ದಿರಬಹುದಿತ್ತು. ವೆಲ್ಡ್ 1996ರ ಮೇ ತಿಂಗಳಲ್ಲಿ ಸಾರ್ವಜನಿಕವಾಗಿ ಕುಸಿದುಬಿದ್ದು ಆಸ್ಪತ್ರೆ ಸೇರಿದ್ದು ಪತ್ರಿಕೆಯಲ್ಲಿ ಬಂದಿದ್ದರಿಂದ ಹೊಂದಾಣಿಕೆ ಗಟ್ಟಿಯಾಯಿತು ಎಂಬುದು ಅವರ ವಾದ. ಸಾಮಾನ್ಯ ಮನುಷ್ಯನ ವಿಷಯದಲ್ಲಿ ಅಷ್ಟು ಖಾತ್ರಿ ಸಿಗುವುದಿಲ್ಲ.

ಒಪ್ಪುತ್ತೇನೆ, ಆದರೆ ನಿಮ್ಮ ಟೇಬಲ್ಲಿಗೆ ಈ ಸಮಾಧಾನ ಒಗ್ಗುವುದಿಲ್ಲ. ಅಲ್ಲಿ ಹುಡುಕುವವನು ದೂರದ ಅಪರಿಚಿತ. ಇಲ್ಲಿ ಹುಡುಕುವವನು ನೆರೆಮನೆಯವನು. ಸಮೀಕ್ಷೆಯವರು ಯಾರ ಜಗಲಿಯಲ್ಲಿ ಕೂತಿದ್ದರು ಅಂತ ಅವನು ಕಣ್ಣಾರೆ ನೋಡಿದ್ದಾನೆ. ಯಾರು ಟೇಬಲ್ಲಿನಲ್ಲಿದ್ದಾರೆ ಅನ್ನುವುದೇ ಗೊತ್ತಿದ್ದರೆ ಊರಿನ ಉಳಿದವರ ಆಸರೆ ಇಲ್ಲ.

ನಾಣ್ಯ_ಚಿಮ್ಮು

ಸಾಲುಗಳನ್ನು ಬಿಡುವ ಹಟ ಯಾಕೆ ಅಂತ ನನ್ನ ಪ್ರಶ್ನೆ. ಯಾರಿಗಾದರೂ ಬೇಕಾಗಿರುವುದು "ಪೂರ್ವದ ಹಳ್ಳಿಗಳಲ್ಲಿ ಕ್ಷಯ ಎಷ್ಟು" ಅನ್ನುವ ಎಣಿಕೆ. ಅದನ್ನೇ ಕೊಡಿ. ಆದರೆ ಬರೀ ಎಣಿಕೆಯೂ ಸೋರುತ್ತದೆ. ಎರಡು ಬಗೆಯ ಸೋರಿಕೆ ನೋಡಿ.

ಒಂದು: "5ಕ್ಕಿಂತ ಕಡಿಮೆ ಇದ್ದರೆ ಮುಚ್ಚು" ಅನ್ನುವ ರೂಢಿ. ಪೂರ್ವ ಗುಂಪಿನಲ್ಲಿ ಗಂಡಸರು 11, ಹೆಂಗಸರು ಮುಚ್ಚಿದೆ, ಒಟ್ಟು 14. ಮಕ್ಕಳೂ ಹೇಳುತ್ತಾರೆ, 3. ಹಾಗಾಗಿ ಒಂದು ಖಾನೆ ಮುಚ್ಚಿದರೆ ಅದೇ ಸಾಲಿನ ಇನ್ನೊಂದನ್ನೂ, ಅದೇ ಕಾಲಂನ ಮತ್ತೊಂದನ್ನೂ ಮುಚ್ಚಬೇಕು.

ಎರಡು: ಏಪ್ರಿಲ್‌ನಲ್ಲಿ "1,204 ಜನ, ಕ್ಷಯ 23" ಅಂತ ಬಿಟ್ಟು, ಒಬ್ಬರು ತಮ್ಮ ಮಾಹಿತಿ ವಾಪಸ್ ತೆಗೆದುಕೊಂಡ ಮೇಲೆ ಮೇ ತಿಂಗಳಲ್ಲಿ "1,203 ಜನ, ಕ್ಷಯ 22" ಅಂತ ಬಿಟ್ಟರೆ ಆ ಒಬ್ಬರ ಕಾಯಿಲೆ ಊರಿಗೆಲ್ಲ ಸಾರಿದ ಹಾಗೆ.

ಇದು ಸಣ್ಣ ಟೇಬಲ್ಲುಗಳ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ ಜನಗಣತಿ ಇಲಾಖೆ ತನ್ನದೇ 2010ರ ಪ್ರಕಟಿತ ಎಣಿಕೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಿದಾಗ ಶೇ. 46 ಜನರ ವಿವರ ಚಾಚೂ ತಪ್ಪದೆ ಮತ್ತೆ ಕಟ್ಟಲು ಆಯಿತು. ಅದಕ್ಕೇ 2020ರಲ್ಲಿ ಅವರು ಡಿಫರೆನ್ಷಿಯಲ್ ಪ್ರೈವಸಿಗೆ ಬಂದರು. ಸಿಂಥಿಯಾ ಡ್ವರ್ಕ್, ಮ್ಯಾಕ್‌ಶೆರಿ, ನಿಸ್ಸಿಮ್, ಸ್ಮಿತ್ ನಾಲ್ವರೂ 2006ರಲ್ಲಿ ಕೊಟ್ಟ ವಿಧಾನ ಅದು: ಪ್ರತಿ ಎಣಿಕೆಗೆ ಅಳೆದು ನಾಯ್ಸ್, ಅಂದರೆ ಯಾದೃಚ್ಛಿಕ ಏರುಪೇರು, ಸೇರಿಸುವುದು.

ಇದಕ್ಕೆ ಸೂಪರ್ ಕಂಪ್ಯೂಟರ್ ಬೇಡ. ಒಂದು ರೂಪಾಯಿ ನಾಣ್ಯ ಸಾಕು.

ನಿಜವಾದ ಎಣಿಕೆ 14 ಅಂತಿರಲಿ. ನಾಣ್ಯ ಚಿಮ್ಮುತ್ತಾ ಹೋಗಿ, ಟೇಲ್ ಬೀಳುವವರೆಗೆ. ಅದಕ್ಕೆ ಮೊದಲು ಎಷ್ಟು ಹೆಡ್ ಬಿತ್ತು ಬರೆದುಕೊಳ್ಳಿ. ಹೆಡ್, ಹೆಡ್, ಟೇಲ್ ಬಿತ್ತು: 2. ಮತ್ತೊಮ್ಮೆ ಮೊದಲಿಂದ ಚಿಮ್ಮಿ. ಮೊದಲಿಗೇ ಟೇಲ್: 0. ಮೊದಲನೆಯದನ್ನು ಕೂಡಿ, ಎರಡನೆಯದನ್ನು ಕಳೆಯಿರಿ: 14 + 2 − 0 = 16. ಪ್ರಕಟಿಸುವುದು 16.

ಮೂರರಲ್ಲಿ ಒಂದು ಸಲ ನಾಯ್ಸ್ ಸೊನ್ನೆ ಬರುತ್ತದೆ. ಶೇ. 96ರಷ್ಟು ಸಲ ತಪ್ಪು 4ರ ಒಳಗೇ ಇರುತ್ತದೆ. ರಕ್ಷಣೆ ಹೇಗೆ? ನೀವು ಆ ಟೇಬಲ್ಲಿನಲ್ಲಿ ಇದ್ದು ಎಣಿಕೆ 14 ಆಗಿದ್ದರೆ 16 ಬರುವ ಸಾಧ್ಯತೆ 12ರಲ್ಲಿ 1. ನೀವು ಇಲ್ಲದೆ 13 ಆಗಿದ್ದರೆ 16 ಬರುವ ಸಾಧ್ಯತೆ 24ರಲ್ಲಿ 1. ಯಾವ ಸಂಖ್ಯೆ ಬಂದರೂ ಈ ಎರಡರ ಅನುಪಾತ ಎರಡು ಪಟ್ಟು ದಾಟುವುದಿಲ್ಲ. ಅಂದರೆ 16 ನೋಡಿದವರಿಗೆ ನಿಮ್ಮ ಬಗ್ಗೆ ಇದ್ದ ಅನುಮಾನ ಹೆಚ್ಚೆಂದರೆ ಒಂದಕ್ಕೆ ಎರಡಾಗಬಹುದು, ಅಷ್ಟೇ. ಅವರ ಕೈಲಿ ಬೇರೆ ಯಾವ ಪಟ್ಟಿ ಇದ್ದರೂ ಇದು ಬದಲಾಗದು. ಕೆ-ಅನಾಮಿಕತೆಗೆ ಈ ಭರವಸೆ ಕೊಡಲು ಆಗುವುದೇ ಇಲ್ಲ. ಈ "ಎರಡು ಪಟ್ಟು" ಅನ್ನುವುದನ್ನೇ ಪುಸ್ತಕದಲ್ಲಿ ಎಪ್ಸಿಲಾನ್ 0.69 ಅಂತ ಬರೆಯುತ್ತಾರೆ, 2ರ ಸಹಜ ಲಾಗರಿದಂ ಅದು.

ಗದಗ್_ಗಣಿತ

ನಾಣ್ಯದ ಲೆಕ್ಕ ಛಲೋ ಅದ. ಆದ್ರ ಹಳ್ಳಿವಾರು ಕ್ಷಯ ಅಂದ್ರ ಖರೇ ಎಣಿಕಿ 0, 1, 3, 2 ಹಿಂಗ ಇರ್ತದ. ಅದಕ್ಕ ಆಚೀಚೆ 4 ಸೇರಿಸಿದ್ರ ಉಳಿಯೋದೇನು? ಒಂದು ಹಳ್ಳಿಗೆ −2 ಮಂದಿಗೆ ಕ್ಷಯ ಅಂತ ಬರ್ತದ. ಓದಿದವ್ರು ನಗ್ತಾರ.

ನಾಣ್ಯ_ಚಿಮ್ಮು

ಹಳ್ಳಿವಾರು ಕ್ಷಯ ಬಿಡಲೇಬಾರದು, ಅದೇ ಉತ್ತರ. ಮೂವರಿರುವ ಕಡೆ ಮೂವರನ್ನು ಮರೆಮಾಡಿ, ಎಣಿಕೆಯನ್ನೂ ಸರಿಯಾಗಿ ಕೊಡುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಮೂರು ಗುಂಪು, ಎರಡು ಲಿಂಗ, ಆರೇ ಖಾನೆ ಮಾಡಿ. ಸಕ್ಕರೆ ಕಾಯಿಲೆಯಂಥದ್ದರಲ್ಲಿ ಖಾನೆಗೆ 30, 40 ಜನ ಬರುತ್ತಾರೆ, ±4 ತಡೆಯುತ್ತದೆ.

ಋಣ ಸಂಖ್ಯೆ ಬಂದರೆ ಮುಜುಗರ ಬೇಡ, ಹಾಗೇ ಬಿಡಿ. ಎಲ್ಲ ಋಣಗಳನ್ನೂ ಸೊನ್ನೆ ಮಾಡಿದರೆ ಕೆಳಗಿನ ತಪ್ಪುಗಳು ಮಾತ್ರ ಅಳಿದು, ಮೇಲಿನವು ಉಳಿದು, ಒಟ್ಟು ಕೂಡಿದಾಗ ಎಣಿಕೆ ಉಬ್ಬುತ್ತದೆ. ಅಡಿಯಲ್ಲಿ "ನಾಯ್ಸ್ ಸೇರಿದೆ, ಹೀಗೆ ಸೇರಿಸಿದ್ದು" ಅಂತ ಬರೆಯಿರಿ. ವಿಧಾನ ಗುಟ್ಟಲ್ಲ, ಬಿದ್ದ ಹೆಡ್‌ಗಳ ಸಂಖ್ಯೆ ಮಾತ್ರ ಗುಟ್ಟು.

ಖರ್ಚಿನ ಲೆಕ್ಕ ಇಡುವುದು ಮುಖ್ಯ: ಒಬ್ಬರು ಬರುವ ಪ್ರತಿ ಎಣಿಕೆಯ ಎಪ್ಸಿಲಾನ್ ಕೂಡುತ್ತಾ ಹೋಗುತ್ತದೆ, ಅದು ಹೆಚ್ಚಿದಷ್ಟೂ ರಕ್ಷಣೆ ಕಡಿಮೆ. ಒಬ್ಬರು ಒಂದೇ ಖಾನೆಯಲ್ಲಿ ಬರುವುದರಿಂದ ಆರು ಖಾನೆಗೂ ಸೇರಿ ಖರ್ಚು 0.69 ಮಾತ್ರ. ಆದರೆ ಸಕ್ಕರೆ, ಬಿಪಿ, ಕ್ಷಯ ಮೂರಕ್ಕೂ ಒಂದೊಂದು ಟೇಬಲ್ ಬಿಟ್ಟರೆ 3 × 0.69, ಸುಮಾರು 2.08. ಎಪ್ಸಿಲಾನ್ ಎಷ್ಟಿರಬೇಕು ಅನ್ನುವುದಕ್ಕೆ ಶಾಸ್ತ್ರ ಇಲ್ಲ. ಅಮೆರಿಕದ 2020ರ ಜನಗಣತಿಯ ಕ್ಷೇತ್ರ ವಿಂಗಡಣೆ ಟೇಬಲ್ಲುಗಳಿಗೆ ಒಟ್ಟು 19.61 ಖರ್ಚು ಮಾಡಿದರು, ಅದು ವಿಪರೀತ ಅಂತ ಬೈದವರೂ ಇದ್ದಾರೆ, ನಾಯ್ಸ್ ವಿಪರೀತ ಅಂತ ಬೈದವರೂ ಇದ್ದಾರೆ. ನಿಮ್ಮ ಗಾತ್ರಕ್ಕೆ ಒಟ್ಟು 2ರಿಂದ 3ರ ಒಳಗೆ ನಿಲ್ಲಿಸಿ ಅನ್ನುತ್ತೇನೆ.

ಒಂದೇ ಎಣಿಕೆಗೆ ದಿನಾ ಹೊಸದಾಗಿ ನಾಣ್ಯ ಚಿಮ್ಮಬೇಡಿ. ನಮ್ಮ ನಾಣ್ಯದ ನಾಯ್ಸಿನ ಪ್ರಮಾಣ ವಿಚಲನೆ 2. ನೂರು ಸಲ ಕೊಟ್ಟರೆ ಸರಾಸರಿಯಲ್ಲಿ ಅದು 0.2ಕ್ಕೆ ಇಳಿದು ನಿಜ ಎಣಿಕೆ ಹೊರಬೀಳುತ್ತದೆ. ಒಮ್ಮೆ ಚಿಮ್ಮಿ, ಬರೆದಿಟ್ಟು, ಯಾವಾಗ ಕೇಳಿದರೂ ಅದನ್ನೇ ಕೊಡಿ.

ವರಮಾನದ ಸರಾಸರಿಗೆ ನಾಣ್ಯ ಸಾಲದು. ಮೊದಲು ಮಿತಿ ಹಾಕಿ, 0ರಿಂದ 50,000 ರೂ. ಅದಕ್ಕಿಂತ ಮೇಲಿದ್ದರೆ 50,000 ಅಂತಲೇ ಎಣಿಸಿ. ಈಗ ಒಬ್ಬ ವ್ಯಕ್ತಿ ಮೊತ್ತವನ್ನು ಹೆಚ್ಚೆಂದರೆ 50,000 ಅಲುಗಿಸಬಲ್ಲ. ಎಪ್ಸಿಲಾನ್ 0.5 ಆದರೆ ಲಾಪ್ಲಾಸ್ ನಾಯ್ಸಿನ (ನಾಣ್ಯದ ನಾಯ್ಸಿನದೇ ದಶಮಾಂಶ ರೂಪ) ಅಳತೆ 50,000 ÷ 0.5 = 1,00,000. ದೊಡ್ಡದು ಅನಿಸಿತೇ? 1,204ರಿಂದ ಭಾಗಿಸಿದ ಮೇಲೆ ಶೇ. 95ರಷ್ಟು ಸಲ ಸರಾಸರಿಯ ತಪ್ಪು ಸುಮಾರು 250 ರೂಪಾಯಿ ಒಳಗೆ. ಆ 50,000ವನ್ನು ಟೇಬಲ್ಲಿನ ಗರಿಷ್ಠ ನೋಡಿ ಆರಿಸಬೇಡಿ. ಊರಿನ ಅತಿ ಶ್ರೀಮಂತರ ವರಮಾನ 2,85,000 ಅಂತ ಆ ಮಿತಿಯೇ ಹೇಳಿಬಿಡುತ್ತದೆ.

ಕಡಲತಡಿ

ಲಾಪ್ಲಾಸ್ ಅಂದ ತಕ್ಷಣ ಎಕ್ಸೆಲ್‌ನ ರ‍್ಯಾಂಡ್ ಹಾಕಿ ಲಾಗರಿದಂ ತೆಗೆಯುವವರಿಗೆ ಎರಡು ಮಾತು. 2012ರಲ್ಲಿ ಇಲ್ಯಾ ಮಿರೊನೊವ್ ತೋರಿಸಿದ್ದು: ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳು ಒಂದರ ಪಕ್ಕ ಒಂದು ಸಮನಾಗಿ ಕೂತಿರುವುದಿಲ್ಲ, ನಡುವೆ ಕಿಂಡಿಗಳಿವೆ. ಹಾಗಾಗಿ ನಾಯ್ಸ್ ಸೇರಿದ ಉತ್ತರದ ಕೊನೆಕೊನೆಯ ಬಿಟ್‌ಗಳನ್ನು ನೋಡಿಯೇ "ಇದು 14ರಿಂದ ಬರಬಹುದು, 13ರಿಂದ ಬರಲಿಕ್ಕೇ ಸಾಧ್ಯವಿಲ್ಲ" ಅಂತ ಹೇಳಬಹುದು. ಪುಸ್ತಕದ ಸೂತ್ರ ಸರಿ, ಯಂತ್ರದಲ್ಲಿ ಅದು ಒಡೆದ ಕೊಡ. ನಾಣ್ಯದ ವಿಧಾನ ಪೂರ್ಣಾಂಕದಲ್ಲೇ ಇರುವುದರಿಂದ ಈ ರಗಳೆ ಇಲ್ಲ. ವರಮಾನಕ್ಕೆ ಓಪನ್‌ಡಿಪಿ ಲೈಬ್ರರಿ ಬಳಸಿ, ಹಾರ್ವರ್ಡ್‌ನವರು ಕಟ್ಟುತ್ತಿರುವುದು, ಪೈಥಾನ್‌ನಲ್ಲಿ ಸಿಗುತ್ತದೆ.

ಇನ್ನೊಂದು ಸೀಡ್, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರು ಮಾಡುವ ಸಂಖ್ಯೆ; ಅದೇ ಸೀಡ್ ಕೊಟ್ಟರೆ ಅದೇ ಸರಣಿ ಬರುತ್ತದೆ. ಪ್ರೋಗ್ರಾಂನಲ್ಲಿ ಅಭ್ಯಾಸಬಲದಿಂದ ಸೀಡ್ 42 ಅಂತ ಹಾಕಿ, ಆಮೇಲೆ "ಪಾರದರ್ಶಕತೆ" ಅಂತ ಕೋಡನ್ನೂ ಗಿಟ್‌ಹಬ್‌ಗೆ ಹಾಕಿದರೆ ಯಾರು ಬೇಕಾದರೂ ಅದನ್ನೇ ಓಡಿಸಿ ನಾಯ್ಸ್ ಕಳೆದುಬಿಡುತ್ತಾರೆ. ಪೈಥಾನಿನ ಸೀಕ್ರೆಟ್ಸ್ ಮಾಡ್ಯೂಲ್ ಬಳಸಿ, ಅದಕ್ಕೆ ಸೀಡ್ ಕೊಡಲಿಕ್ಕೇ ಆಗುವುದಿಲ್ಲ.

ಫೈಲ್ ಕಳಿಸುವಾಗ ಸೋರುವುದು ಬೇರೆ. ಪಿವಟ್ ಟೇಬಲ್ ಇರುವ ಎಕ್ಸೆಲ್ ಫೈಲಿನ ಹೊಟ್ಟೆಯಲ್ಲಿ ಮೂಲ ಸಾಲುಗಳ ನಕಲು ಇರುತ್ತದೆ. ಮೂಲ ಶೀಟ್ ಅಳಿಸಿ, ಪಿವಟ್ ಮಾತ್ರ ಉಳಿಸಿ ಕಳಿಸಿದರೂ ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ 1,204 ಸಾಲೂ ಹೆಸರು ಸಮೇತ ಹೊಸ ಶೀಟಿನಲ್ಲಿ ಬಂದು ಕೂರುತ್ತದೆ. ಬಚ್ಚಿಟ್ಟ ಕಾಲಂ, ಬಚ್ಚಿಟ್ಟ ಶೀಟ್ ಕೂಡ ಹಾಗೆಯೇ. ಎಕ್ಸೆಲ್ ಫೈಲ್ ಕೊಡಲೇಬೇಡಿ. ಸಿಎಸ್‌ವಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ತೆರೆದು ಕಣ್ಣಾಡಿಸಿ.

ಸಾಲಿನ ಕ್ರಮವೂ ಮಾತಾಡುತ್ತದೆ. ಹೆಸರಿನ ಅಕಾರಾದಿಯಲ್ಲಿ ಸಾರ್ಟ್ ಆಗಿದ್ದ ಟೇಬಲ್ಲಿನಿಂದ ಹೆಸರು ಅಳಿಸಿದರೆ ಮೊದಲ ಸಾಲು ಯಾವ ಅಕ್ಷರದವರದ್ದು ಅಂತ ಗೊತ್ತೇ ಇದೆ. ಮನೆಯಿಂದ ಮನೆಗೆ ಹೋದ ಕ್ರಮವಾದರೆ ಬೀದಿಯ ನಕ್ಷೆಯೇ ಸಿಕ್ಕಿತು. ಯಾದೃಚ್ಛಿಕ ಕಾಲಂ ಒಂದು ಸೇರಿಸಿ, ಅದರ ಮೇಲೆ ಸಾರ್ಟ್ ಮಾಡಿ, ಆ ಕಾಲಂ ಅಳಿಸಿ. ಗೂಗಲ್ ಫಾರ್ಮ್‌ನಲ್ಲಿ ತುಂಬಿದ್ದಾದರೆ ಮೊದಲ ಕಾಲಂನಲ್ಲಿ ಗಂಟೆ, ನಿಮಿಷ, ಸೆಕೆಂಡ್ ಇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ "ತುಂಬಿದೆ" ಅಂತ ಹಾಕಿದವರ ಸಮಯದ ಜೊತೆ ಅದು ಕೂಡಿಕೊಳ್ಳುತ್ತದೆ.

ಅಡ್ಡಸಾಲು

ಮುಂದಿನ ಸಲ ಸಮೀಕ್ಷೆ ಮಾಡುವಾಗ ಕೆಲವು ಪ್ರಶ್ನೆಗಳ ನಿಜ ಉತ್ತರ ನಿಮ್ಮ ಕೈಗೇ ಬರದಂತೆ ಮಾಡಬಹುದು. ಇದು ಡ್ವರ್ಕ್‌ಗಿಂತ ಹಳೆಯದು, 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಹುಟ್ಟುಹಾಕಿದ ಉಪಾಯ. ಅದರ ಒಂದು ಸರಳ ರೂಪ ಹೀಗೆ: "ಮನೆಯಲ್ಲಿ ಕುಡಿತದ ಜಗಳ ಇದೆಯೇ" ಅಂತ ಕೇಳುವ ಮೊದಲು ನಾಣ್ಯವನ್ನು ಅವರ ಕೈಗೆ ಕೊಡಿ, ನೀವು ಮುಖ ತಿರುಗಿಸಿ. ಹೆಡ್ ಬಿದ್ದರೆ ನಿಜ ಹೇಳಲಿ. ಟೇಲ್ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ಹೆಡ್ ಬಂದರೆ ಹೌದು, ಟೇಲ್ ಬಂದರೆ ಇಲ್ಲ ಎನ್ನಲಿ. "ಹೌದು" ಅಂದವರನ್ನು ಯಾರೂ ಹಿಡಿದು ಕೇಳುವ ಹಾಗಿಲ್ಲ, ನಾಣ್ಯದ ಮೇಲೆ ಹಾಕಬಹುದು.

ಲೆಕ್ಕ: 1,000 ಜನರಲ್ಲಿ 340 ಹೌದು ಬಂತು. 0.34ನ್ನು ಎರಡರಿಂದ ಗುಣಿಸಿ, 0.5 ಕಳೆದರೆ 0.18. ನಿಜವಾದ ಪ್ರಮಾಣದ ಅಂದಾಜು ಶೇ. 18. ಬೆಲೆಯೂ ಇದೆ: ನೇರವಾಗಿ ಕೇಳಿದ್ದರೆ ಆಚೀಚೆ 2.4 ಇರುತ್ತಿದ್ದ ತಪ್ಪು ಈಗ ಆಚೀಚೆ 6 ಆಗುತ್ತದೆ. ನೂರೇ ಜನರ ಸಮೀಕ್ಷೆಗೆ ಇದನ್ನು ಹಚ್ಚಬೇಡಿ, ಏನೂ ತಿಳಿಯುವುದಿಲ್ಲ. ಬಳಕೆದಾರರ ಮಾಹಿತಿ ಎಣಿಸಲು ಗೂಗಲ್ 2014ರಲ್ಲಿ ಕ್ರೋಮ್‌ಗೆ ಹಾಕಿದ ರ‍್ಯಾಪರ್ ಇದೇ ಉಪಾಯದ ಮೊಮ್ಮಗ, ಅವರಿಗೆ ಜನರ ಕೊರತೆ ಇಲ್ಲ.

ನಮ್ಮಲ್ಲಿ ಮಾಡುವಾಗ ಆಗುವ ಎಡವಟ್ಟು: ಟೇಲ್, ಹೆಡ್ ಬಿದ್ದರೂ "ನಮ್ಮನೇಲಿ ಅಂಥದ್ದಿಲ್ಲಪ್ಪ" ಅಂತ ಇಲ್ಲ ಅನ್ನುವವರು ಸಿಗುತ್ತಾರೆ. ಆಗ ಒಟ್ಟು ಹೌದು ಶೇ. 25ಕ್ಕಿಂತ ಕೆಳಗೂ ಇಳಿದು ಅಂದಾಜು ಋಣಕ್ಕೆ ಹೋಗುತ್ತದೆ. ಮೊದಲು ಮಳೆ ಬಂತೇ ಅನ್ನುವಂಥ ಎರಡು ಸಾದಾ ಪ್ರಶ್ನೆಗಳಲ್ಲಿ ಆಟ ಅಭ್ಯಾಸ ಮಾಡಿಸಿ, ಆಮೇಲೆ ನಿಜ ಪ್ರಶ್ನೆಗೆ ಬನ್ನಿ.

ತಾಲೂಕು_ಟೇಬಲ್

ಹಾಗಾದರೆ ಸಾಲುಗಳನ್ನು ಬಿಡುವುದಿಲ್ಲ. ಮೂರು ಕಾಯಿಲೆ, ಮೂರು ಗುಂಪು, ಎರಡು ಲಿಂಗ, 18 ಸಂಖ್ಯೆ, ನಾಣ್ಯದ ನಾಯ್ಸ್, ಒಟ್ಟು ಎಪ್ಸಿಲಾನ್ 2.08. ವರಮಾನದ ಸರಾಸರಿ 0.5. ಒಟ್ಟು 2.58. ಸರಿ ತಾನೇ?

ನಾಣ್ಯ_ಚಿಮ್ಮು

ಒಂದು ವಿಷಯ ನಾವೆಲ್ಲ ಬಿಟ್ಟುಬಿಟ್ಟಿದ್ದೆವು. ನಿಮ್ಮದು ಮನೆಮನೆ ಸಮೀಕ್ಷೆ ಅಂದಿರಿ. ಮೇಲಿನ ಲೆಕ್ಕವೆಲ್ಲ ಒಬ್ಬ ವ್ಯಕ್ತಿಯನ್ನು ಮರೆಮಾಡುತ್ತದೆ. ಕ್ಷಯ ಒಬ್ಬರಿಗೆ ಬಂದರೆ ಅದೇ ಮನೆಯ ಇನ್ನಿಬ್ಬರಿಗೂ ಬಂದಿರಬಹುದು, ನೆರೆಯವರು ದೂರ ಇಡುವುದು ಮನೆಯನ್ನೇ. ಆರು ಜನರ ಮನೆಯನ್ನು ಇಡಿಯಾಗಿ ಮರೆಮಾಡಬೇಕಾದರೆ 0.69ರ ಬದಲು 6 × 0.69, ಅಂದರೆ ಸುಮಾರು 4.16ರಷ್ಟು ಸೋರಿಕೆ ಅಂತ ಎಣಿಸಬೇಕು. "ಎರಡು ಪಟ್ಟು" ಅಂದದ್ದು 64 ಪಟ್ಟು ಆಗುತ್ತದೆ. ಕ್ಷಯದ ಟೇಬಲ್ಲಿನಲ್ಲಿ ಜನರನ್ನು ಎಣಿಸಬೇಡಿ, "ಕ್ಷಯ ಇರುವ ಮನೆಗಳು" ಅಂತ ಎಣಿಸಿ, ಲಿಂಗದ ಕಾಲಂ ಬಿಟ್ಟು ಮೂರೇ ಖಾನೆ. ಒಂದು ಮನೆ ಒಂದೇ ಸಲ ಬರುತ್ತದೆ, ಖರ್ಚು ಮತ್ತೆ 0.69ಕ್ಕೆ ನಿಲ್ಲುತ್ತದೆ. ಸಕ್ಕರೆ, ಬಿಪಿಗೆ ವ್ಯಕ್ತಿ ಲೆಕ್ಕ ಇದ್ದರೂ ನಡೆಯುತ್ತದೆ ಅಂತ ನನ್ನ ಅಭಿಪ್ರಾಯ, ಬೇರೆಯವರು ಒಪ್ಪದಿದ್ದರೆ ಹೇಳಿ.

ಗದಗ್_ಗಣಿತ

ಒಪ್ಪಿದೆ. ಅಂದ್ರ ಆ ಟೇಬಲ್ಲಿನ ಅಡಿಗೆ ಒಟ್ಟು ಮನೆ ಎಷ್ಟು ಅನ್ನೋದನ್ನೂ ಬರೀಬೇಕಾಗ್ತದ್ರಿ, 1,204 ಅಂತ ಬರೆದ್ರ ಓದೋರು ಶೇಕಡಾ ತಪ್ಪು ತಗೀತಾರ. ಮನಿ ಎಷ್ಟಿದ್ವು?